ವಾಕ್ಯದ ಬಾಲ ನುಂಗಬೇಡಿ: ಮೈಕ್ ಸೆಟ್‌ನವನು ಕಂಡ ಭಾಷಣದ ಪಾಠ

ಸಭೆಯಲ್ಲಿ ಮಾತನಾಡುವವರಿಗೆ ಜನ ಕಾಣುತ್ತಾರೆ, ಜನರಿಗೆ ಮಾತನಾಡುವವರು ಕಾಣುತ್ತಾರೆ. ಇಬ್ಬರೂ ಒಟ್ಟಿಗೆ ಕಾಣುವ ಜಾಗ ಒಂದೇ: ವೇದಿಕೆಯ ಪಕ್ಕದಲ್ಲಿ ಮಿಕ್ಸರ್ ಇಟ್ಟುಕೊಂಡು ಕೂರುವ ಮೈಕ್ ಸೆಟ್‌ನವನ ಕುರ್ಚಿ. ಆ ಕುರ್ಚಿಯಲ್ಲಿ ನಾನು 22 ವರ್ಷ ಕಳೆದಿದ್ದೇನೆ. ಶಾಲಾ ವಾರ್ಷಿಕೋತ್ಸವ, ಸಹಕಾರ ಸಂಘದ ಮಹಾಸಭೆ, ರಾಜ್ಯೋತ್ಸವ, ಬೀಳ್ಕೊಡುಗೆ, ನುಡಿನಮನ, ತಾಳಮದ್ದಳೆ, ಚುನಾವಣೆ ಬಂದರೆ ಚುನಾವಣೆ. ಬೇರೆಯವರು ಭಾಷಣ ಬೇಸರವಾದರೆ ಎದ್ದು ಹೊರಗೆ ಹೋಗಬಹುದು. ನನಗೆ ಆ ಭಾಗ್ಯವಿಲ್ಲ. ಹೀಗಾಗಿ ಒಳ್ಳೆಯದು, ಕೆಟ್ಟದ್ದು ಎಲ್ಲವನ್ನೂ ಪೂರ್ತಿ ಕೇಳಿದವನು ನಾನು.

ಜನ ಕೇಳುತ್ತಿದ್ದಾರೆಯೇ ಎಂದು ತಿಳಿಯಲು ನಾನು ಮುಖ ನೋಡುವುದಿಲ್ಲ. ನಮ್ಮ ಕಡೆಯವರು ಮರ್ಯಾದಸ್ಥರು, ನಿದ್ದೆ ಬಂದರೂ ತಲೆಯಾಡಿಸುತ್ತಾರೆ. ನಾನು ಕುರ್ಚಿಯ ಸದ್ದು ಕೇಳುತ್ತೇನೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಭಾರ ಬದಲಾಯಿಸಿದರೆ ಕಿರ್ ಎನ್ನುತ್ತದೆ. ಮಾತು ಹಿಡಿದಿಟ್ಟುಕೊಂಡಾಗ ಇನ್ನೂರು ಕುರ್ಚಿ ಇದ್ದರೂ ಸದ್ದಿಲ್ಲ. ಮಾತು ಜಾರಿತೋ, ಒಂದು ಮೂಲೆಯಿಂದ ಕಿರ್, ಇನ್ನೊಂದು ಮೂಲೆಯಿಂದ ಕಿರ್, ಆಮೇಲೆ ಇಡೀ ಶಾಮಿಯಾನವೇ ಹಳೆಯ ಎತ್ತಿನ ಗಾಡಿಯಾಗುತ್ತದೆ.

ಕೆಳಗೆ ಬರೆದಿರುವುದು ಆ ಸದ್ದಿನಿಂದ ಕಲಿತದ್ದು. ಗ್ರಾಮ ಸಭೆಯಲ್ಲಿ ಎದ್ದು ನಿಂತು ಎರಡು ನಿಮಿಷ ಮಾತನಾಡಬೇಕಾದವರಿಗೂ, ವೇದಿಕೆಯ ಮೇಲೆ ಇಪ್ಪತ್ತು ನಿಮಿಷ ಸಿಕ್ಕವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ವಾಕ್ಯದ ಕೊನೆಯನ್ನು ಗಟ್ಟಿಮಾಡಿಕೊಳ್ಳಿ

ಭಾಷಣ ಕಲಿಸುವವರು ಸಾಮಾನ್ಯವಾಗಿ ಮೊದಲ ವಾಕ್ಯದಿಂದ ಶುರುಮಾಡುತ್ತಾರೆ. ನಾನು ಕೊನೆಯ ಪದದಿಂದ ಶುರುಮಾಡುತ್ತೇನೆ. ಕಾರಣ ನನ್ನ ಬೆರಳಲ್ಲಿದೆ. ಹತ್ತು ಜನ ಭಾಷಣ ಮಾಡಿದರೆ ಏಳೆಂಟು ಜನರಿಗೆ ಪ್ರತಿ ವಾಕ್ಯದ ಕೊನೆಯಲ್ಲಿ ನಾನು ಮಿಕ್ಸರ್‌ನ ವಾಲ್ಯೂಮ್ ಏರಿಸಬೇಕು, ಮುಂದಿನ ವಾಕ್ಯ ಶುರುವಾಗುತ್ತಿದ್ದಂತೆ ಇಳಿಸಬೇಕು. ವಾಕ್ಯದ ತಲೆ ದೊಡ್ಡ ಧ್ವನಿಯಲ್ಲಿ ಹುಟ್ಟುತ್ತದೆ, ನಡುವೆ ಉಸಿರು ಮುಗಿಯುತ್ತದೆ, ಬಾಲ ಗಂಟಲೊಳಗೇ ಉಳಿಯುತ್ತದೆ.

ಎಲ್ಲ ಭಾಷೆಗಳಲ್ಲೂ ಇದು ದೋಷವೇ ಇರಬಹುದು. ಕನ್ನಡದಲ್ಲಿ ಮಾತ್ರ ಇದು ಅನಾಹುತ. ನಮ್ಮ ಕ್ರಿಯಾಪದ ಬರುವುದು ವಾಕ್ಯದ ಕೊನೆಯಲ್ಲಿ. ಕೊಡುತ್ತೇವೆಯೋ ಕೊಡುವುದಿಲ್ಲವೋ, ಬೇಕೋ ಬೇಡವೋ, ಆಯಿತೋ ಆಗಬೇಕೋ, ಮಾಡಿದವರು ನಾವೋ ಅವರೋ, ಎಲ್ಲವೂ ಕುಳಿತಿರುವುದು ಆ ಕೊನೆಯ ಪದದ ಬಾಲದಲ್ಲಿ. ಮುಂದೆ ಏನೆಲ್ಲ ಹೇಳಿದರೂ ಕೇಳುವವನ ಕಿವಿ ಅದಕ್ಕಾಗಿಯೇ ಕಾದಿರುತ್ತದೆ. ಅದನ್ನೇ ನುಂಗಿದರೆ, ಮನೆಯವರೆಗೂ ಕರೆದುಕೊಂಡು ಬಂದು ಬಾಗಿಲು ಹಾಕಿಕೊಂಡಂತೆ.

ಒಂದು ಸಹಕಾರ ಸಂಘದ ಮಹಾಸಭೆ. ಊರು, ಹೆಸರು ಬೇಡ. ಅಧ್ಯಕ್ಷರು ಎದ್ದು, "ಮಾನ್ಯ ಸದಸ್ಯರೇ, ಈ ವರ್ಷ ಸಂಘದ ಎಲ್ಲ ಶೇರುದಾರರಿಗೆ ಶೇಕಡಾ 10ರಂತೆ ಲಾಭಾಂಶ ಕೊಡಲು ಸಾಧ್ಯ" ಎಂದು ಗಟ್ಟಿಯಾಗಿ ಹೇಳಿ, ಉಳಿದದ್ದನ್ನು ಕನ್ನಡಕ ಸರಿಮಾಡಿಕೊಳ್ಳುತ್ತ ಹೇಳಿದರು. ಮುಂದಿನ ಎರಡು ಸಾಲಿನವರು ಸುಮ್ಮನಿದ್ದರು. ಹಿಂದಿನವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಹೇಳಿದ್ದು "ಸಾಧ್ಯವಾಗಿಲ್ಲ" ಎಂದು. ಆಮೇಲೆ ಒಂದು ಗಂಟೆ ನಡೆದ ಗದ್ದಲಕ್ಕೆ ನನ್ನ ಮೈಕ್ ಸೆಟ್ ಕಾರಣ ಎಂದು ಕೆಲವರು ಹೇಳಿದರು. ಬಾಡಿಗೆಯಲ್ಲಿ ಇನ್ನೂರು ರೂಪಾಯಿ ಹಿಡಿದುಕೊಂಡರು ಕೂಡ.

ಇದಕ್ಕೆ ಒಂದು ಅಭ್ಯಾಸವಿದೆ, ಖರ್ಚಿಲ್ಲ. ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದ ಕೋಣೆಯಲ್ಲಿಡಿ, ಬಾಗಿಲು ತೆರೆದಿರಲಿ. ನೀವು ಈ ಕೋಣೆಯಲ್ಲಿ ನಿಂತು ದಿನಪತ್ರಿಕೆಯ ಒಂದು ಸುದ್ದಿಯನ್ನು ಮಾಮೂಲಿ ಧ್ವನಿಯಲ್ಲಿ ಓದಿ. ನಂತರ ಒಂದು ಹಾಳೆ ತೆಗೆದುಕೊಂಡು ರೆಕಾರ್ಡಿಂಗ್ ಕೇಳುತ್ತ, ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಬರೆದುಕೊಳ್ಳಿ. ಕೇಳಿಸದ ಕಡೆ ಗೆರೆ ಎಳೆಯಿರಿ. ಮೊದಲ ದಿನ ಹಾಳೆಯ ತುಂಬ ಗೆರೆಗಳೇ ಇರುತ್ತವೆ. ಗಾಬರಿ ಬೇಡ. ಎರಡನೆಯ ಸಲ ಓದುವಾಗ ಕೊನೆಯ ಎರಡು ಪದಗಳಿಗೆ ಮೊದಲು ಒಂದು ಸಣ್ಣ ಉಸಿರು ತೆಗೆದುಕೊಳ್ಳಿ. ಕೂಗುವುದು ಬೇಡ, ಉಸಿರು ಉಳಿದಿದ್ದರೆ ಸಾಕು. ವಾರದಲ್ಲಿ ಗೆರೆಗಳು ಅರ್ಧವಾಗುತ್ತವೆ. ನನ್ನ ಮಗಳು ಶಾಲೆಯ ಚರ್ಚಾಸ್ಪರ್ಧೆಗೆ ಹೀಗೆಯೇ ತಯಾರಾದಳು. ಬಹುಮಾನ ಬರಲಿಲ್ಲ, ಆದರೆ ಹಿಂದಿನ ಬೆಂಚಿನವರಿಗೆ ಕೇಳಿಸಿದ್ದು ಅವಳ ಮಾತೊಂದೇ.

ಉದ್ದದ ವಾಕ್ಯವನ್ನು ಕಡಿಯಿರಿ

ಬಾಲ ನುಂಗಲು ಮುಖ್ಯ ಕಾರಣ ವಾಕ್ಯದ ಉದ್ದ. ಬರೆಯುವಾಗ ಚೆನ್ನಾಗಿ ಕಾಣುವ ವಾಕ್ಯ ಬಾಯಲ್ಲಿ ಹೇಗಾಗುತ್ತದೆ ನೋಡಿ:

"ಕಳೆದ ವರ್ಷದ ಮಳೆಗಾಲದಲ್ಲಿ ಕುಸಿದುಬಿದ್ದ ನಮ್ಮ ಶಾಲೆಯ ಹಿಂಭಾಗದ ಗೋಡೆಯನ್ನು ಪುನಃ ಕಟ್ಟಿಸುವ ಸಲುವಾಗಿ ಹಳೆಯ ವಿದ್ಯಾರ್ಥಿಗಳು ಸಂಗ್ರಹಿಸಿ ಬ್ಯಾಂಕಿನಲ್ಲಿ ಇಟ್ಟಿರುವ ಹಣಕ್ಕೆ ಬಂದ ಬಡ್ಡಿಯನ್ನೂ ಸೇರಿಸಿಕೊಂಡು ಈ ವರ್ಷ ಕಾಮಗಾರಿಯನ್ನು ಆರಂಭಿಸಲು ತೀರ್ಮಾನಿಸಲಾಗಿದೆ."

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕೇಳುವವನು ಗೋಡೆ, ವಿದ್ಯಾರ್ಥಿ, ಬ್ಯಾಂಕು, ಬಡ್ಡಿ ಎಲ್ಲವನ್ನೂ ಕಂಕುಳಲ್ಲಿ ಇಟ್ಟುಕೊಂಡು ಕ್ರಿಯಾಪದ ಬರುವವರೆಗೆ ನಿಂತಿರಬೇಕು. ಕೊನೆಗೆ ಬರುವುದು "ತೀರ್ಮಾನಿಸಲಾಗಿದೆ". ಯಾರು ತೀರ್ಮಾನಿಸಿದರು? ಅದೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ:

"ಕಳೆದ ಮಳೆಗಾಲದಲ್ಲಿ ಶಾಲೆಯ ಹಿಂದಿನ ಗೋಡೆ ಬಿತ್ತು. ಹಳೆಯ ವಿದ್ಯಾರ್ಥಿಗಳು ದುಡ್ಡು ಹಾಕಿದರು. ಅದು ಬ್ಯಾಂಕಿನಲ್ಲಿದೆ, ಬಡ್ಡಿಯೂ ಸೇರಿದೆ. ಈ ವರ್ಷ ಗೋಡೆ ಕಟ್ಟುತ್ತೇವೆ."

ಒಂದು ಕ್ರಿಯಾಪದದ ಜಾಗದಲ್ಲಿ ಐದು. ಪ್ರತಿಯೊಂದರ ಮುಂದೆಯೂ ಕೇಳುವವನು ಒಂದು ಕಾಲು ನೆಲಕ್ಕಿಡುತ್ತಾನೆ.

ಟಿವಿಯಿಂದ ಬಂದ ಒಂದು ರೋಗದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. "ಘಟನೆ ನಡೆದಿರುವಂತಹದ್ದು", "ಅಧಿಕಾರಿಗಳು ಭೇಟಿ ನೀಡಿರುವಂತಹದ್ದು", "ಇವತ್ತು ನಾವು ಮಾಡುತ್ತಿರುವಂತಹ ಒಂದು ಕಾರ್ಯಕ್ರಮ ಏನಿದೆ". ಸುದ್ದಿ ವಾಹಿನಿಯ ವರದಿಗಾರನಿಗೆ ಮುಂದಿನ ಮಾತು ಹೊಳೆಯುವವರೆಗೆ ಬಾಯಿ ತುಂಬಿಸಬೇಕು, ಅವನಿಗೆ ಅದು ಅನಿವಾರ್ಯ ಎನ್ನೋಣ. ಊರಿನ ವೇದಿಕೆಯ ಮೇಲೆ ನಿಂತವರಿಗೆ ಏನು ಅನಿವಾರ್ಯ? "ನಡೆದಿರುವಂತಹದ್ದು" ಎಂದಾಗ ವಾಕ್ಯ ಮುಗಿಯಿತೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಕ್ರಿಯಾಪದವನ್ನು ಕೊಂದು ನಾಮಪದ ಮಾಡಿ ಮಲಗಿಸಿದ ಹಾಗೆ. "ನಡೆಯಿತು" ಎನ್ನಿ. ನಿಮ್ಮದೇ ಭಾಷಣವನ್ನು ರೆಕಾರ್ಡ್ ಮಾಡಿ "ಅಂತಹ" ಎಷ್ಟು ಬಂತು, ಕಾರಣವಿಲ್ಲದ "ಒಂದು" ಎಷ್ಟು ಬಂತು ಎಂದು ಎಣಿಸಿ. "ಒಂದು ಸಂದರ್ಭದಲ್ಲಿ ಒಂದು ಮಾತನ್ನು ಒಂದು ರೀತಿಯಲ್ಲಿ" ಎಂದು ಒಬ್ಬರು ನನ್ನ ಮೈಕಿನಲ್ಲಿ ಹೇಳಿದ್ದಾರೆ. ನಾನು ಒಂದರ ಮಗ್ಗಿ ನೆನಪಿಸಿಕೊಂಡೆ.

ನಿಮ್ಮ ಇಡೀ ಮಾತಿಗೂ ಒಂದು ಕ್ರಿಯಾಪದ ಇರಲಿ

ವಾಕ್ಯಕ್ಕೆ ಬಾಲ ಇರುವಂತೆ ಭಾಷಣಕ್ಕೂ ಬಾಲ ಇದೆ. ಮನೆಯಲ್ಲಿ ತಯಾರಿ ಮಾಡುವಾಗ ಮೊದಲು ಅದನ್ನು ಬರೆಯಿರಿ: ನಾನು ಕುಳಿತ ಮೇಲೆ ಈ ಜನ ಏನು ಮಾಡಬೇಕು, ಇಲ್ಲವೇ ಏನನ್ನು ನೆನಪಿಡಬೇಕು? "ನೀರಿನ ಸಮಸ್ಯೆ" ಎಂದು ಬರೆದರೆ ಅದು ವಿಷಯ. "ಬೆಳಿಗ್ಗೆ ಆರಕ್ಕೆ ನೀರು ಬಿಡಿ" ಎಂದು ಬರೆದರೆ ಅದು ಮಾತು.

ನಾನು ಕಂಡ ಅತ್ಯುತ್ತಮ ಭಾಷಣ ಯಾವುದೆಂದು ಕೇಳಿದರೆ ಸಾಹಿತಿಗಳದ್ದೂ ಅಲ್ಲ, ಶಾಸಕರದ್ದೂ ಅಲ್ಲ. ಒಂದು ಗ್ರಾಮ ಸಭೆಯಲ್ಲಿ ಮೇಲಿನ ಕೇರಿಯ ಅಕ್ಕನೊಬ್ಬರು ಮಾಡಿದ್ದು. ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕಾದ ಸಭೆ ಅದು. ಅಧ್ಯಕ್ಷರು, ಸದಸ್ಯರು, ಪಿಡಿಒ, ನೋಡಲ್ ಅಧಿಕಾರಿ ಸಾಲಾಗಿ ಕೂರುತ್ತಾರೆ, ಎದುರಿಗೆ ಊರು. ಹಿಂದಿನ ಸಭೆಯಲ್ಲೂ ಆ ಅಕ್ಕ ಮಾತನಾಡಿದ್ದರು. ಆಗ ಶುರುಮಾಡಿದ್ದು ನೀರಿನಿಂದ, ಹೋದದ್ದು ನೀರುಗಂಟಿಯ ದುರಹಂಕಾರಕ್ಕೆ, ಅಲ್ಲಿಂದ ಕೆಳಗಿನ ಕೇರಿಯವರ ಪಕ್ಷಪಾತಕ್ಕೆ, ಅಲ್ಲಿಂದ ಸತ್ತುಹೋದ ಮಾವನವರು ಪಂಚಾಯಿತಿಗೆ ಬಿಟ್ಟುಕೊಟ್ಟ ಜಾಗಕ್ಕೆ. ಹೇಳಿದ್ದೆಲ್ಲ ನಿಜವೇ. ಆದರೆ ಎರಡನೆಯ ನಿಮಿಷಕ್ಕೆ ಕೆಳಗಿನ ಕೇರಿಯವರು ಎದ್ದು ನಿಂತರು, ಜಗಳವಾಯಿತು, ನೀರು ಮರೆತುಹೋಯಿತು.

ಈ ಸಲ ಅವರ ಕೈಯಲ್ಲಿ ಒಂದು ಚೀಟಿ ಇತ್ತು, ಬಸ್ ಟಿಕೆಟ್‌ನಷ್ಟು ಅಗಲ. ಮೈಕ್ ತೆಗೆದುಕೊಂಡು ಹೇಳಿದರು:

"ಅಧ್ಯಕ್ಷರೇ, ನಾನು ಮೇಲಿನ ಕೇರಿಯವಳು. ನಮ್ಮಲ್ಲಿ 31 ಮನೆಗಳಿವೆ. ಮನೆಗೆ ದಿನಕ್ಕೆ ನಾಲ್ಕು ಕೊಡ ನೀರು ಬರುತ್ತದೆ. ತಲೆಗೆ 55 ಲೀಟರ್ ಎಂದು ಸರ್ಕಾರವೇ ಹೇಳಿದೆ. ಐದು ಜನರ ಮನೆಗೆ ಅದು ಹದಿನೆಂಟು ಕೊಡ ಆಗುತ್ತದೆ, ನಾನು ಅಳೆದು ನೋಡಿದ್ದೇನೆ. ಕೆಳಗೆ ವಾಲ್ವ್ ಬಿಟ್ಟಾಗ ನಮ್ಮ ಕಡೆಗೆ ನೀರು ಏರುವುದಿಲ್ಲ. ನಮಗೆ ಬೇರೆ ಹೊತ್ತು ಕೊಡಿ. ಬೆಳಿಗ್ಗೆ ಆರರಿಂದ ಏಳು. ಇದನ್ನು ನಡಾವಳಿಯಲ್ಲಿ ಬರೆಸಿ, ಬರೆದದ್ದನ್ನು ಓದಿ."

ಇಷ್ಟೇ. ಒಂದು ನಿಮಿಷವೂ ಆಗಲಿಲ್ಲ. ನಂತರ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು: ಕೂರಲಿಲ್ಲ. ಮಾತನಾಡಲೂ ಇಲ್ಲ. ಮೈಕ್ ಹಿಡಿದು ಸುಮ್ಮನೆ ನಿಂತರು. ಇಡೀ ಸಭೆ ಅವರನ್ನೂ ಪಿಡಿಒ ಅವರ ಪೆನ್ನನ್ನೂ ನೋಡುತ್ತಿತ್ತು. ಬರೆದದ್ದನ್ನು ಓದಿದ ಮೇಲೆ "ಉಪಕಾರ ಆಯಿತು" ಎಂದು ಕುಳಿತರು. ಕೆಳಗಿನ ಕೇರಿಯವರಿಗೆ ಎದ್ದು ನಿಲ್ಲಲು ಒಂದು ಎಳೆಯೂ ಸಿಗಲಿಲ್ಲ, ಏಕೆಂದರೆ ಅವರನ್ನು ಬೈದಿರಲಿಲ್ಲ. ಮಾತಿನ ಕೆಲಸ ಅಲ್ಲಿಗೆ ಮುಗಿಯಿತು, ಉಳಿದದ್ದು ವಾಲ್ವಿನ ಕೆಲಸ.

ಅವರ ಚೀಟಿಯನ್ನು ಆಮೇಲೆ ಕೇಳಿ ನೋಡಿದೆ. ಅದರಲ್ಲಿದ್ದದ್ದು ನಾಲ್ಕು ಸಾಲು: 31, ನಾಲ್ಕು ಕೊಡ, ಹದಿನೆಂಟು ಕೊಡ, ಆರರಿಂದ ಏಳು. ಭಾಷಣ ಬರೆದಿರಲಿಲ್ಲ, ಮರೆಯಬಾರದ್ದನ್ನು ಮಾತ್ರ ಬರೆದಿದ್ದರು. ನಿಮಗೂ ಅಷ್ಟೇ ಸಾಕು. ಪೂರ್ತಿ ಬರೆದು ತಂದರೆ ಕಣ್ಣು ಹಾಳೆಗೆ ಅಂಟುತ್ತದೆ, ಕತ್ತು ಬಾಗುತ್ತದೆ, ಬಾಗಿದ ಕತ್ತಿನಿಂದ ಧ್ವನಿ ಎದೆಗೇ ಬೀಳುತ್ತದೆ.

ಲೆಕ್ಕ ಹೇಳುವುದನ್ನೂ ಅವರಿಂದಲೇ ಕಲಿಯಿರಿ. 55 ಲೀಟರ್ ಎನ್ನುವುದು ಜಲ ಜೀವನ್ ಮಿಷನ್‌ನ ಗುರಿ, ಕಾಗದದ ಮೇಲಿನ ಅಂಕಿ. ಅದನ್ನು ಹದಿನೈದು ಲೀಟರ್ ಹಿಡಿಯುವ ಕೊಡಕ್ಕೆ ಇಳಿಸಿದಾಗ ಅದು ಸೊಂಟದ ಮೇಲೆ ಕೂತಿತು. ಎಕರೆಯನ್ನು ಶಾಲೆಯ ಮೈದಾನಕ್ಕೆ, ಕ್ವಿಂಟಾಲ್ ಅನ್ನು ಚೀಲಕ್ಕೆ, ಕಿಲೋಮೀಟರನ್ನು ಬಸ್ ನಿಲ್ದಾಣದಿಂದ ಎಲ್ಲಿಯವರೆಗೆ ಎಂಬುದಕ್ಕೆ ಇಳಿಸಿ. ಒಂದು ಮಾತಿನಲ್ಲಿ ಮೂರು ನಾಲ್ಕು ಅಂಕಿಗಿಂತ ಹೆಚ್ಚು ಬೇಡ.

ಎದ್ದ ತಕ್ಷಣ ಏನು ಹೇಳಬೇಕು

ನಮ್ಮ ವೇದಿಕೆಗಳ ದೊಡ್ಡ ಕಷ್ಟ ಸಂಬೋಧನೆ. ವೇದಿಕೆಯ ಮೇಲೆ ಆರು ಜನ ಗಣ್ಯರು, ಮಾತನಾಡುವವರು ಏಳು ಜನ ಎಂದುಕೊಳ್ಳಿ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿ, ಅತಿಥಿ, ಅಧ್ಯಕ್ಷೀಯ, ವಂದನಾರ್ಪಣೆ. ಪ್ರತಿಯೊಬ್ಬರೂ ಆರೂ ಹೆಸರು ಹೇಳಿದರೆ ಒಟ್ಟು 42 ಸಲ. ಪ್ರತಿ ಹೆಸರಿಗೆ "ಸನ್ಮಾನ್ಯ", "ಜನಾನುರಾಗಿ", "ಕೊಡುಗೈ ದಾನಿ" ಎಂದು ಬಾಲಂಗೋಚಿ ಬೇರೆ. ಯಾರನ್ನಾದರೂ ಬಿಟ್ಟರೆ ಊರಲ್ಲಿ ವರ್ಷಗಟ್ಟಲೆ ಮಾತು. ನಾನು ಊರಿನಲ್ಲೇ ಇರುವವನು, ಇದನ್ನು ಪೂರ್ತಿ ಬಿಡಿ ಎಂದು ಹೇಳಲಾರೆ.

ದಾರಿ ಇದೆ. ಸ್ವಾಗತ ಮಾಡುವವರು ಎಲ್ಲ ಹೆಸರೂ ಹೇಳಲಿ, ಅದು ಅವರ ಕೆಲಸ. ನೀವು ನಂತರ ಮಾತನಾಡುವವರಾದರೆ ಅಧ್ಯಕ್ಷರೊಬ್ಬರ ಹೆಸರು ಹೇಳಿ, "ವೇದಿಕೆಯ ಮೇಲಿರುವ ಹಿರಿಯರೇ, ಎದುರಿಗಿರುವ ಎಲ್ಲರೇ" ಎಂದು ಮುಗಿಸಿ. ಹೇಳುವಾಗ ವೇದಿಕೆಯ ಕಡೆಗೆ ಪೂರ್ತಿ ತಿರುಗಿ ಕೈಮುಗಿಯಿರಿ. ಕಣ್ಣಿಗೆ ಕಣ್ಣು ಸಿಕ್ಕರೆ ಹೆಸರು ಹೇಳಿದಷ್ಟೇ ತೃಪ್ತಿ, ನಾನು ಅವರ ಮುಖ ನೋಡಿದ್ದೇನೆ.

ಆಮೇಲೆ ಬೇಡದ ಮೂರು ಮಾತು: "ನಾನೇನು ಭಾಷಣಕಾರನಲ್ಲ", "ಸಮಯದ ಅಭಾವವಿದೆ", "ನನಗಿಂತ ಮೊದಲು ಮಾತನಾಡಿದವರು ಎಲ್ಲವನ್ನೂ ಹೇಳಿದ್ದಾರೆ". ಮೊದಲನೆಯದನ್ನು ಹೇಳದಿದ್ದರೂ ಜನರಿಗೆ ತಿಳಿಯುತ್ತದೆ. ಎರಡನೆಯದನ್ನು ಹೇಳಿದವರೇ ಮುಕ್ಕಾಲು ಗಂಟೆ ಮಾತನಾಡುತ್ತಾರೆ. ಮೂರನೆಯದು ನಿಜವಾದರೆ ಕುಳಿತುಕೊಳ್ಳಬಹುದು. ಮುತ್ತಿನ ಹಾರದ ವಚನದಿಂದ ಶುರುಮಾಡುವವರೂ ಬಹಳ ಇದ್ದಾರೆ. ವಚನ ಅದ್ಭುತ, ತಕರಾರಿಲ್ಲ. ನಂತರ ಬರುವ ಮಾತು ಅದರ ಪಕ್ಕದಲ್ಲಿ ನಿಲ್ಲಬೇಕಲ್ಲ, ಅದು ಕಷ್ಟ.

ಶುರುಮಾಡಲು ಸುಲಭವಾದ ವಿಧಾನ, ಅಲ್ಲಿಯೇ ಕಣ್ಣೆದುರು ಇರುವ ಒಂದು ವಸ್ತುವಿನಿಂದ. ನಿವೃತ್ತರಾದ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆಯಲ್ಲಿ ಶಾಲೆಯ ಅಡುಗೆಯವರನ್ನು ಮಾತನಾಡಲು ಕರೆದರು. ಆಕೆ ಎದ್ದು, "ಆ ಗಂಟೆ ಇದೆಯಲ್ಲ, ಅದಕ್ಕೆ ಹಗ್ಗ ಕಟ್ಟಿದ್ದು ಇವರು" ಎಂದರು. ಎಲ್ಲರೂ ತಿರುಗಿ ಗಂಟೆ ನೋಡಿದರು. ಕುರ್ಚಿಗಳು ಆಮೇಲೆ ಸದ್ದು ಮಾಡಲಿಲ್ಲ.

ತಾಳಮದ್ದಳೆಗೆ ಹೋಗಿ ಕೂತುಕೊಳ್ಳಿ

ಮಾತು ಕಲಿಯಲು ತರಬೇತಿ ಶಿಬಿರಕ್ಕೆ ದುಡ್ಡು ಕೊಡುವ ಮೊದಲು ಕರಾವಳಿಯಲ್ಲೋ ಮಲೆನಾಡಿನಲ್ಲೋ ಒಂದು ತಾಳಮದ್ದಳೆಗೆ ಹೋಗಿ. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಪಂಚೆ ಉಟ್ಟು ಶಾಲು ಹೊದ್ದ ನಾಲ್ಕಾರು ಜನ ಎದುರುಬದುರು ಕೂತಿರುತ್ತಾರೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಆ ಪಾತ್ರವೇ ಆಗಿ ಅಲ್ಲಿಯೇ ಮಾತು ಕಟ್ಟುತ್ತಾರೆ. ಬರೆದುಕೊಂಡ ಸಂಭಾಷಣೆ ಇಲ್ಲ. ಕಥೆ ಎಲ್ಲರಿಗೂ ಗೊತ್ತು: ಸಂಧಾನ ಮುರಿಯುತ್ತದೆ, ವಾಲಿ ಬೀಳುತ್ತಾನೆ. ಆದರೂ ಜನ ಗಂಟೆಗಟ್ಟಲೆ ಕೂತು ಬರಿ ಮಾತನ್ನು ಕೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರು ಹೇಳಿದರೆ ಕರಾವಳಿಯ ಹಿರಿಯರ ಮುಖ ಈಗಲೂ ಅರಳುತ್ತದೆ. ಅರ್ಥಗಾರಿಕೆಯಿಂದ ಮನೆಮಾತಾದ ಕುಂಬಳೆ ಸುಂದರ ರಾವ್ 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೂ ಆರಿಸಿಹೋದರು.

ಅರ್ಥಧಾರಿಗಳ ಗುಟ್ಟು ದೊಡ್ಡ ಶಬ್ದಗಳಲ್ಲಿದೆ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಗುಟ್ಟು ಕೇಳುವುದರಲ್ಲಿದೆ. ಎದುರಿನವರು ಮಾತನಾಡುವಾಗ ಒಳ್ಳೆಯ ಅರ್ಥಧಾರಿ ತನ್ನ ಮುಂದಿನ ಮಾತನ್ನು ಯೋಚಿಸುತ್ತಿರುವುದಿಲ್ಲ, ಎದುರಿನವರ ಬಾಯನ್ನೇ ನೋಡುತ್ತಿರುತ್ತಾರೆ. ಒಮ್ಮೆ ಕೌರವನ ಪಾತ್ರಧಾರಿ "ಬೇಕಾದರೆ ಈ ಸಿಂಹಾಸನವನ್ನೇ ಬಿಡುತ್ತೇನೆ" ಎಂದು ಅಬ್ಬರಿಸಿ ನಿಲ್ಲಿಸಿದರು. ಕೃಷ್ಣನಾಗಿದ್ದ ಹಿರಿಯರು ಅವಸರ ಮಾಡಲಿಲ್ಲ. ಎಲೆ ಅಡಿಕೆಯ ತಟ್ಟೆ ಸ್ವಲ್ಪ ಆಚೆ ಸರಿಸಿ, ಬಹಳ ಮೆಲ್ಲಗೆ, "ಬಿಡುತ್ತೇನೆ ಎಂದೆ. ಬಿಡುವುದಕ್ಕೆ ಅದು ನಿನ್ನದಾದದ್ದು ಯಾವಾಗ?" ಎಂದರು. ಜನ ಹೋ ಎಂದರು. ನಾನು ವಾಲ್ಯೂಮ್ ಮುಟ್ಟಿರಲಿಲ್ಲ, ಮುಟ್ಟುವ ಅಗತ್ಯವೂ ಇರಲಿಲ್ಲ.

ಅವರು ಹಿಡಿದದ್ದು ಎದುರಾಳಿಯ ಕ್ರಿಯಾಪದವನ್ನು. ಸಭೆಯಲ್ಲಿ ನೀವೂ ಇದನ್ನು ಮಾಡಬಹುದು, ಜಗಳಕ್ಕಲ್ಲ, ಕೊಂಡಿಗೆ. ನಿಮಗಿಂತ ಮೊದಲು ಮಾತನಾಡಿದವರ ಒಂದು ವಾಕ್ಯವನ್ನು, ಅವರ ಮಾತಿನಲ್ಲೇ, ಎತ್ತಿಕೊಂಡು ಶುರುಮಾಡಿ. ಇದಕ್ಕೆ ಅವರು ಮಾತನಾಡುವಾಗ ನೀವು ಕೇಳಿರಬೇಕು. ವೇದಿಕೆಯ ಮೇಲೆ ಕೂತು ಮೊಬೈಲ್ ನೋಡುವವರು, ತಮ್ಮ ಚೀಟಿಯನ್ನೇ ಮತ್ತೆ ಮತ್ತೆ ಓದುವವರು ಎಲ್ಲರಿಗೂ ಕಾಣುತ್ತಾರೆ. ಬೇರೆಯವರನ್ನು ಕೇಳದವರ ಮಾತನ್ನು ಜನ ಏಕೆ ಕೇಳಬೇಕು ಎಂದು ಮುಂದಿನ ಸಾಲಿನ ಅಜ್ಜನೊಬ್ಬರು ನನಗೇ ಕೇಳುವಂತೆ ಗೊಣಗಿದ್ದುಂಟು.

ಇನ್ನೊಂದು, ಒತ್ತು. ಮುಖ್ಯವಾದದ್ದನ್ನು ಹೇಳುವಾಗ ಕೂಗುವ ಅಭ್ಯಾಸ ನಮ್ಮಲ್ಲಿದೆ. ಕನ್ನಡಕ್ಕೆ ಕೂಗು ಬೇಕಿಲ್ಲ, ಒತ್ತು ಪದದೊಳಗೇ ಇದೆ. "ರಸ್ತೆ ಇಲ್ಲ" ಎಂದರೆ ವರದಿ. "ರಸ್ತೆಯೇ ಇಲ್ಲ" ಎಂದರೆ ಸಂಕಟ. "ರಸ್ತೆಯೂ ಇಲ್ಲ" ಎಂದರೆ ಬೇರೆ ಏನೇನಿಲ್ಲ ಎಂಬ ಪಟ್ಟಿ ಕೇಳುವವನ ತಲೆಯಲ್ಲಿ ತಾನಾಗಿ ಓಡುತ್ತದೆ. ಒಂದು ಏಕಾರ ಸಾಕು. ಪ್ರತಿ ಪದಕ್ಕೂ ಹಾಕಿದರೆ ಮಾತ್ರ ಬೆಲೆ ಹೋಗುತ್ತದೆ.

ಉಚ್ಚಾರಣೆಯ ಬಗ್ಗೆ ಹೆದರುವವರಿದ್ದಾರೆ. ಹಕಾರ ಅಕಾರ ಅದಲುಬದಲಾದರೆ ನಗುವವರು ಇರುತ್ತಾರೆ, ನಿಜ. ಆದರೆ ಅದರಿಂದ ಕುರ್ಚಿ ಕಿರುಗುಟ್ಟಿದ್ದನ್ನು ನಾನು ಕಂಡಿಲ್ಲ. ಪುಸ್ತಕದ ಕನ್ನಡ ಬಾಯಿಗೆ ಬಾರದಿದ್ದರೆ ನಿಮ್ಮ ಊರಿನ ಕನ್ನಡದಲ್ಲೇ ಮಾತನಾಡಿ. ಧಾರವಾಡದ್ದೋ ಕುಂದಾಪುರದ್ದೋ ಚಾಮರಾಜನಗರದ್ದೋ ಯಾವುದಾದರೂ ಸರಿ. ಎರವಲು ಅಂಗಿ ಹಾಕಿಕೊಂಡವರು ತೋಳು ಎಳೆದುಕೊಳ್ಳುತ್ತಲೇ ಇರುತ್ತಾರೆ.

ಮೈಕ್ ಹಿಡಿಯುವುದು ಹೇಗೆ

ಇದು ನನ್ನ ಕಸುಬು, ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಮೈಕಿಗೆ ಊದಬೇಡಿ, ಬೆರಳಿನಿಂದ ಕುಟ್ಟಬೇಡಿ. ಒಳಗೆ ತೆಳ್ಳನೆಯ ಪೊರೆ ಇದೆ, ಉಸಿರಿನ ತೇವ ಅದಕ್ಕೆ ಆಗದು. ಬಂದಿದೆಯೇ ಎಂದು ನೋಡಬೇಕಾದರೆ "ನಮಸ್ಕಾರ" ಎನ್ನಿ, ನಮಸ್ಕಾರವೂ ಆಯಿತು, ಪರೀಕ್ಷೆಯೂ ಆಯಿತು.

ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರ. ತೀರಾ ಹತ್ತಿರ ಹಿಡಿದರೆ ಧ್ವನಿ ದಪ್ಪವಾಗಿ ಗುಂಯ್‌ಗುಡುತ್ತದೆ, "ಪ" "ಭ" ಬಂದಾಗಲೆಲ್ಲ ಪಟಾಕಿ ಹೊಡೆಯುತ್ತದೆ. ನೇರ ಬಾಯಿಯ ಮುಂದೆ ಬೇಡ, ಗಲ್ಲದ ಕಡೆಯಿಂದ ಸ್ವಲ್ಪ ಓರೆಯಾಗಿರಲಿ. ಮೇಲಿನ ಜಾಲರಿಯ ಗುಂಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವವರಿದ್ದಾರೆ, ಹಾಡುಗಾರರನ್ನು ಟಿವಿಯಲ್ಲಿ ನೋಡಿ ಕಲಿತದ್ದು. ಹಾಗೆ ಹಿಡಿದರೆ ಮೈಕ್ ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಂಡು ಕುಯ್ ಎನ್ನಲು ಶುರುಮಾಡುತ್ತದೆ. ಸ್ಪೀಕರ್ ಬಾಕ್ಸಿನ ಎದುರಿಗೆ ಮೈಕ್ ಹಿಡಿದು ಹೋದರೂ ಅದೇ. ಕುಯ್ ಎಂದಾಗ ನನ್ನ ಕಡೆಗೆ ಸಿಟ್ಟಿನಿಂದ ನೋಡುವ ಬದಲು ಒಂದು ಹೆಜ್ಜೆ ಹಿಂದೆ ಸರಿಯಿರಿ.

ಸ್ಟ್ಯಾಂಡಿನ ಮೈಕಿನಲ್ಲಿ ಮಾತನಾಡುತ್ತ ಗಣ್ಯರ ಕಡೆಗೆ ತಿರುಗಿದರೆ ನಿಮ್ಮ ಹೊಗಳಿಕೆ ಅವರಿಗಷ್ಟೇ ಕೇಳಿಸುತ್ತದೆ. ಅವರಿಗೆ ಸಂತೋಷವಾಗಬಹುದು, ಊರಿಗೆ ಕೇಳಿಸುವುದಿಲ್ಲ.

ಬಯಲಿನಲ್ಲಿ ದೂರದೂರಕ್ಕೆ ಹಾರ್ನ್ ಕಟ್ಟಿದ್ದರೆ ನಿಧಾನ ಮಾಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೈದಾನದ ಆಚೆ ತುದಿ 170 ಮೀಟರ್ ಇದ್ದರೆ, ಅಲ್ಲಿನ ಹಾರ್ನಿನ ಮಾತು ನಿಮಗೆ ಅರ್ಧ ಸೆಕೆಂಡ್ ತಡವಾಗಿ ಕೇಳಿಸುತ್ತದೆ, ನಡುವೆ ಕೂತವರಿಗೆ ಎರಡೂ ಕಡೆಯ ಮಾತು ಮುಂದೆ ಹಿಂದೆ ಆಗಿ ಬೀಳುತ್ತದೆ. ಗ್ರಾನೈಟ್ ನೆಲದ ಕಲ್ಯಾಣ ಮಂಟಪದಲ್ಲಿ ಗೋಡೆಗಳೇ ಈ ಕೆಲಸ ಮಾಡುತ್ತವೆ. ಒಂದು ವಾಕ್ಯ ಮುಗಿಸಿ, ಅದರ ಬಾಲ ಗೋಡೆಗೆ ಬಡಿದು ಸಾಯುವವರೆಗೆ ಕಾಯಿರಿ, ಆಮೇಲೆ ಮುಂದಿನದು. ನಿಮಗೆ ಅದು ಅತಿಯಾದ ಮೌನ ಎನ್ನಿಸುತ್ತದೆ. ಕೇಳುವವರಿಗೆ ಅದು ಉಸಿರು.

ಕುರ್ಚಿಗಳು ಮಾತನಾಡಲು ಶುರುಮಾಡಿದಾಗ

ಎಷ್ಟೇ ತಯಾರಾದರೂ ಒಮ್ಮೆ ಜಾರುತ್ತದೆ. ಮಗು ಅಳುತ್ತದೆ, ಶಾಸಕರು ತಡವಾಗಿ ಬರುತ್ತಾರೆ, ತಗಡಿನ ಚಾವಣಿಯ ಮೇಲೆ ಮಳೆ ಬೀಳುತ್ತದೆ, ಹಿಂದಿನಿಂದ ಸಾರಿನ ಒಗ್ಗರಣೆಯ ಘಮ ಬರುತ್ತದೆ. ಒಗ್ಗರಣೆಯನ್ನು ಗೆದ್ದ ಭಾಷಣಕಾರರನ್ನು ನಾನು ಕಂಡಿಲ್ಲ, ಆ ಪ್ರಯತ್ನ ಬೇಡ. ಉಳಿದವಕ್ಕೆ ಉಪಾಯ ಒಂದೇ: ಧ್ವನಿ ಏರಿಸಬೇಡಿ, ನಿಲ್ಲಿಸಿ. ನಾಲ್ಕು ಎಣಿಸಿ. ಸದ್ದು ನಿಂತರೆ ಜನ ತಲೆ ಎತ್ತುತ್ತಾರೆ. ಆಗ ಮೆಲ್ಲನೆಯ ಧ್ವನಿಯಲ್ಲಿ ಅತಿ ಚಿಕ್ಕ ವಾಕ್ಯ ಹೇಳಿ. ಕರೆಂಟು ಹೋದರೆ ಜನರೇಟರ್ ಹಿಡಿಯಲು ನನಗೆ ಒಂದು ನಿಮಿಷ ಬೇಕು, ಆ ಒಂದು ನಿಮಿಷ ವೇದಿಕೆಯಿಂದ ನಾಲ್ಕು ಹೆಜ್ಜೆ ಇಳಿದು ಮುಂದಿನ ಸಾಲಿನವರ ಜೊತೆ ಮಾತನಾಡಿ. ಹಾಗೆ ಮಾಡಿದವರು ಮೈಕ್ ಬಂದ ಮೇಲೂ ಅದೇ ಧ್ವನಿಯಲ್ಲಿ ಮುಂದುವರಿಸಿದ್ದುಂಟು, ಭಾಷಣದ ಧ್ವನಿ ಕಳಚಿಹೋಗಿ ಮನೆಯ ಧ್ವನಿ ಬಂದಿತ್ತು.

ಸಮಯದ ಲೆಕ್ಕ ಮನೆಯಲ್ಲೇ ಮಾಡಿ. ಗಡಿಯಾರ ಇಟ್ಟು ನೋಡಿದ್ದೇನೆ, ಕೈಬರಹದ ಒಂದು ಪುಟ ವೇದಿಕೆಯಲ್ಲಿ ಓದಲು ಎರಡರಿಂದ ಎರಡೂವರೆ ನಿಮಿಷ ಬೇಕು. ಐದು ನಿಮಿಷ ಕೊಟ್ಟಿದ್ದರೆ ಎರಡು ಪುಟ, ಎಂಟಲ್ಲ. ಸಂಜೆಯ ಬಯಲು ಸಭೆಯಾದರೆ ಇನ್ನೊಂದು ಲೆಕ್ಕವಿದೆ: ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆರಕ್ಕೆ ಎಂದು ಮುದ್ರಿಸಿದ ಕಾರ್ಯಕ್ರಮ ಏಳೂವರೆಗೆ ಶುರುವಾಗಿರುತ್ತದೆ. ಕೊನೆಗೆ ಮಾತನಾಡುವವರು ನೀವಾದರೆ ಇಪ್ಪತ್ತು ನಿಮಿಷದ ಮಾತನ್ನು ನಾಲ್ಕು ನಿಮಿಷದಲ್ಲಿ ಹೇಳುವ ಇನ್ನೊಂದು ಚೀಟಿ ಜೇಬಿನಲ್ಲಿರಲಿ. ಆ ಚೀಟಿಯನ್ನು ತಯಾರಿಸುವಾಗ, ಮೊದಲನೆಯದರಲ್ಲಿ ಏನೆಲ್ಲ ಬೇಡವಾಗಿತ್ತು ಎಂಬುದೂ ತಿಳಿಯುತ್ತದೆ.

ಇನ್ನು ಮುಗಿಸುವುದು. "ಕೊನೆಯದಾಗಿ" ಎಂಬ ಪದವನ್ನು ಒಂದೇ ಸಲ ಬಳಸಿ. ಅದು ಕಿವಿಗೆ ಬಿದ್ದ ಕೂಡಲೇ ಹೆಂಗಸರು ಮಕ್ಕಳ ಚಪ್ಪಲಿ ಹುಡುಕುತ್ತಾರೆ, ಗಂಡಸರು ಬೈಕಿನ ಕೀ ಮುಟ್ಟಿ ನೋಡಿಕೊಳ್ಳುತ್ತಾರೆ. ಎರಡನೆಯ "ಕೊನೆಯದಾಗಿ"ಯನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಬರೆದುಕೊಂಡ ಆ ಕ್ರಿಯಾಪದವನ್ನು ಹೇಳಿ, ಪೂರ್ತಿ ಹೇಳಿ, ಬಾಲದವರೆಗೂ. ನಂತರ ಮೈಕನ್ನು ಮುಂದಿನವರ ಕೈಗೆ ಕೊಡಿ. ಆಫ್ ಮಾಡಿ ಕೊಡಬೇಡಿ, ಮುಂದಿನವರು ಎರಡು ನಿಮಿಷ ಸದ್ದಿಲ್ಲದೆ ಮಾತನಾಡುತ್ತಾರೆ, ಬೈಗುಳ ನನಗೆ. ಸ್ವಿಚ್ಚನ್ನು ನಾನು ನೋಡಿಕೊಳ್ಳುತ್ತೇನೆ.